ರ‍್ಯಾಲಿಯೋ ಅಟ್ಲಾಸೋ: ಹಳೆಯ ಕಪ್ಪು ಸೈಕಲ್ ಕೊಳ್ಳಹೊರಟವರಿಗೆ

ನಮ್ಮ ಮನೆಯ ಪಡಸಾಲೆಯಲ್ಲಿ ಎರಡು ಸೈಕಲ್‌ಗಳು ಗೋಡೆಗೊರಗಿ ನಿಂತಿವೆ. ಒಂದು ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ತಯಾರಾದ ರ‍್ಯಾಲಿ. ಇನ್ನೊಂದು ಹರಿಯಾಣದ ಸೋನಿಪತ್‌ನಿಂದ ಬಂದ ಅಟ್ಲಾಸ್. ಇಪ್ಪತ್ತು ವರ್ಷ ಹಾಲಿನ ಕ್ಯಾನು ಹೊತ್ತು, ಯಜಮಾನರು ಮೊಪೆಡ್ ಕೊಂಡ ಮೇಲೆ ಕೊಟ್ಟಿಗೆ ಸೇರಿದ್ದು. ಮನೆಗೆ ಬಂದವರೆಲ್ಲ ರ‍್ಯಾಲಿಯ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ದೇವರಾಜ ಮಾರುಕಟ್ಟೆಯಿಂದ ಸೊಪ್ಪು, ಬಾಳೆಹಣ್ಣು ತರುವುದು ಮಾತ್ರ ಅಟ್ಲಾಸ್. ಕಳೆದ ವರ್ಷ ರ‍್ಯಾಲಿ ಗೇಟು ದಾಟಿದ್ದು ನಾಲ್ಕು ಸಲವೋ ಐದು ಸಲವೋ.

ಹಳೆಯ ಸೈಕಲ್ ಕೊಂಡು ಓಡಿಸುವ ಹುಚ್ಚು ಹತ್ತಿದವರು ನನ್ನನ್ನು ಮೊದಲು ಕೇಳುವುದು, "ಯಾವ ಕಂಪನಿಯದು ಒಳ್ಳೆಯದು?" ಎಂದು. ನಾನು ತಿರುಗಿ ಕೇಳುವುದು, "ನಿಮ್ಮ ಬೀದಿಯಲ್ಲಿ ಸೈಕಲ್ ಶಾಪ್ ಇದೆಯೇ? ಅಲ್ಲಿನ ಗಾಜಿನ ಡಬ್ಬಿಗಳಲ್ಲಿ ಏನೇನಿದೆ?" ಎಂದು. ಹೊಸ ಸೈಕಲ್ ಕೊಳ್ಳುವವನು ಕಂಪನಿಯನ್ನು ನಂಬಬಹುದು. ಹಳೆಯದನ್ನು ಕೊಳ್ಳುವವನು ನಂಬಬೇಕಾದದ್ದು ಆ ಡಬ್ಬಿಗಳನ್ನು ಮತ್ತು ಅವುಗಳ ಹಿಂದೆ ಕುಳಿತ ಮಿಸ್ತ್ರಿಯನ್ನು. ಕೆಳಗಿನ ಹೋಲಿಕೆಯನ್ನೆಲ್ಲ ಆ ತಕ್ಕಡಿಯಲ್ಲೇ ತೂಗಿದ್ದೇನೆ. ಪ್ರದರ್ಶನಕ್ಕೆಂದು ಕೊಳ್ಳುವವರಿಗೆ ಈ ತಕ್ಕಡಿ ಒಗ್ಗುವುದಿಲ್ಲ.

ಮೊದಲ ಗುಂಪು: ಇಂಗ್ಲೆಂಡಿನದು

ರ‍್ಯಾಲಿ, ಹಂಬರ್, ರಡ್ಜ್, ಬಿಎಸ್‌ಎ, ಹರ್ಕ್ಯುಲಿಸ್, ಫಿಲಿಪ್ಸ್: ನಮ್ಮ ಅಜ್ಜಂದಿರು ಮದುವೆಯಲ್ಲಿ ಕೇಳಿ ಪಡೆಯುತ್ತಿದ್ದ ಹೆಸರುಗಳು. ಹಂಬರ್ ರ‍್ಯಾಲಿಗಿಂತ ಮೇಲು, ರಡ್ಜ್ ಅದಕ್ಕಿಂತ ಮೇಲು ಎಂದು ಮಾರುವವರು ಈಗಲೂ ಬೆಲೆ ಏರಿಸುತ್ತಾರೆ. ನಿಜ ಸಂಗತಿ ಬೇರೆ. 1887ರಲ್ಲಿ ನಾಟಿಂಗ್‌ಹ್ಯಾಮ್‌ನಲ್ಲಿ ಶುರುವಾದ ರ‍್ಯಾಲಿ ಕಂಪನಿ 1932ರಲ್ಲಿ ಹಂಬರ್ ಸೈಕಲ್ ವ್ಯವಹಾರವನ್ನು ಕೊಂಡಿತು, 1943ರಲ್ಲಿ ರಡ್ಜ್ ಅನ್ನು, 1957ರಲ್ಲಿ ಬಿಎಸ್‌ಎ ಸೈಕಲ್ ವಿಭಾಗವನ್ನು. 1960ರಲ್ಲಿ ಹರ್ಕ್ಯುಲಿಸ್, ಫಿಲಿಪ್ಸ್‌ಗಳ ಒಡೆತನವೂ ಅದೇ ಸಂಸಾರಕ್ಕೆ ಸೇರಿತು. ಐವತ್ತರ ದಶಕದ ಹಂಬರ್ ಎಂದರೆ ಬಹುಮಟ್ಟಿಗೆ ಬೇರೆ ಬಿಲ್ಲೆ ಧರಿಸಿದ ರ‍್ಯಾಲಿ; ಮುಂದಿನ ಫೋರ್ಕಿಗೆ ಎರಡೆರಡು ಕೊಳವೆಯ ಹಳೆಯ ಹಂಬರ್ ಸಿಕ್ಕರೆ ಅದರ ಮಾತು ಬೇರೆ. ಹೆಸರಿಗಾಗಿ ಐದು ಸಾವಿರ ಹೆಚ್ಚು ಕೊಡಬೇಡಿ.

ಬಿಲ್ಲೆಯನ್ನೂ ನಂಬಬೇಡಿ. ಎರಡು ರಿವೆಟ್ ಹೊಡೆದರೆ ಹಿತ್ತಾಳೆ ಬಿಲ್ಲೆ ಯಾವ ಸೈಕಲ್ಲಿನ ಹಣೆಯ ಮೇಲೆ ಬೇಕಾದರೂ ಕೂರುತ್ತದೆ. ದೊಡ್ಡ ಹಲ್ಲುಚಕ್ರವನ್ನು ನೋಡಿ: ರ‍್ಯಾಲಿಯದಾದರೆ ಅದರೊಳಗೆ ಬಕಪಕ್ಷಿಗಳ ಆಕಾರ ಕತ್ತರಿಸಿರುತ್ತದೆ, ಹಂಬರ್‌ನದರಲ್ಲಿ ಕೈಕಾಲು ಚಾಚಿದ ಪುಟ್ಟ ಮನುಷ್ಯರು, ರಡ್ಜ್‌ನದರಲ್ಲಿ ಅಂಗೈ. ಹಿಂದಿನ ಚಕ್ರದಲ್ಲಿ ಸ್ಟರ್ಮಿ ಆರ್ಚರ್ ಕಂಪನಿಯ ಮೂರು ಗೇರಿನ ಹಬ್ (ಚಕ್ರದ ನಡುವಿನ ಗುಂಬ) ಇದ್ದರೆ ಬಟ್ಟೆಯಿಂದ ಒರೆಸಿ ಓದಿ. ನನ್ನದರಲ್ಲಿ ಜಿಡ್ಡು ತೆಗೆದಾಗ ಎಡಬ್ಲ್ಯೂ ಎಂಬ ಎರಡು ಅಕ್ಷರಗಳ ಪಕ್ಕ 52 ಎಂದು ಕಂಡಿತು. ಅಂದರೆ ಹಬ್ 1952ರದು. ಚಕ್ರವನ್ನು ಯಾರಾದರೂ ಬದಲಿಸಿರಬಹುದಾದ್ದರಿಂದ ಇದು ಹಬ್ಬಿನ ಜಾತಕವೇ ಹೊರತು ಇಡೀ ಸೈಕಲ್ಲಿನದಲ್ಲ.

ಈ ಗುಂಪಿನ ಉಕ್ಕು, ನಿಕ್ಕಲ್ ಮತ್ತು ಕ್ರೋಮ್ ಲೇಪ, ಕೀಲುಗಳ ನಯ, ಇವಕ್ಕೆ ಸಾಟಿ ಇಲ್ಲ. ಎಪ್ಪತ್ತು ವರ್ಷದ ಪೆಡಲನ್ನು ಬೆರಳಿನಿಂದ ತಟ್ಟಿದರೆ ಸದ್ದಿಲ್ಲದೆ ತಿರುಗುತ್ತದೆ. ತೊಂದರೆ ಇರುವುದು ಕಣ್ಣಿಗೆ ಕಾಣದ ಕಡೆ, ಪೆಡಲ್ ಅಚ್ಚು ಕೂರುವ ಬಾಟಮ್ ಬ್ರಾಕೆಟ್‌ನಲ್ಲಿ. ಲೋಕದ ಬಹುಪಾಲು ಇಂಗ್ಲಿಷ್ ಮಾದರಿ ಸೈಕಲ್‌ಗಳಲ್ಲಿ ಅಲ್ಲಿನ ಮರೆ, ಅಂದರೆ ಸ್ಕ್ರೂವಿನಂಥ ಸುತ್ತುಗೆರೆ, ಅಂಗುಲಕ್ಕೆ 24 ಸುತ್ತು. ನಾಟಿಂಗ್‌ಹ್ಯಾಮ್‌ನ ರ‍್ಯಾಲಿ ಕಾರ್ಖಾನೆ ಮಾತ್ರ ಹಟ ಹಿಡಿದಂತೆ 26 ಸುತ್ತು ಕೊರೆಯುತ್ತಿತ್ತು. ಇದು ನನಗೆ ಗೊತ್ತಿರಲಿಲ್ಲ, ನಾನು ಕೊಟ್ಟ ಅಂಗಡಿಯವರಿಗೂ ಗೊತ್ತಿರಲಿಲ್ಲ. ಬಾಲ್ಸ್ ಕೂರುವ ಸವೆದ ಕಪ್ ಬಿಚ್ಚಿ ಪೇಟೆಯ ಹೊಸ ಕಪ್ ಕೂರಿಸಿದರು. ಮೊದಲ ಎರಡು ಸುತ್ತು ಸಲೀಸಾಗಿ ಹೋಯಿತು. ಮೂರನೆಯದಕ್ಕೆ ಬಿಗಿಯಾಯಿತು. "ತುಕ್ಕು ಇರಬೇಕು ಸಾರ್" ಎಂದು ಸ್ಪ್ಯಾನರಿಗೆ ಕೊಳವೆ ತೊಡಿಸಿ ಎಳೆದರು. ಕಿರ್ ಎಂಬ ಸಣ್ಣ ಸದ್ದು, ಆಮೇಲೆ ಬೆಳ್ಳಿಯ ಕೂದಲಿನಂಥ ಉಕ್ಕಿನ ಎಳೆಯೊಂದು ಸುರುಳಿಯಾಗಿ ನೆಲಕ್ಕೆ ಬಿತ್ತು. ಎಪ್ಪತ್ತು ವರ್ಷ ಬಾಳಿದ ಮರೆ ಹಾಗೆ ಹೋಯಿತು. ಲೇತ್ ಕೆಲಸದವರು ಒಳಗೆ ಪೊರೆ ಕೂರಿಸಿ ಹೊಸ ಮರೆ ಕೊರೆದುಕೊಡುವ ಹೊತ್ತಿಗೆ ಆರು ತಿಂಗಳು ಕಳೆದಿತ್ತು.

ಆದ್ದರಿಂದ ಇಂಗ್ಲೆಂಡಿನದನ್ನು ಕೊಳ್ಳುವುದಾದರೆ ಕಪ್, ಕೋನ್, ಅಚ್ಚು ಎಲ್ಲ ಮೂಲದ್ದೇ ಇದ್ದು ಸುಸ್ಥಿತಿಯಲ್ಲಿದ್ದರೆ ಮಾತ್ರ ಕೊಳ್ಳಿ. ಬಣ್ಣ ಹೋಗಿದ್ದರೂ ಪರವಾಗಿಲ್ಲ.

ಎರಡನೆಯ ಗುಂಪು: ಇಂಗ್ಲಿಷ್ ಹೆಸರು, ನಮ್ಮ ನೆಲ

ಸ್ವಾತಂತ್ರ್ಯ ಬಂದ ಹೊಸದರಲ್ಲಿ ಆಮದು ಕಡಿಮೆ ಮಾಡಲು ಇಲ್ಲಿಯೇ ಕಾರ್ಖಾನೆಗಳೆದ್ದವು. ಬಂಗಾಳದ ಆಸನ್ಸೋಲ್‌ನಲ್ಲಿ ಸೇನ್ ರ‍್ಯಾಲಿ, ಮದರಾಸಿನ ಅಂಬತ್ತೂರಿನಲ್ಲಿ 1949ರಲ್ಲಿ ಸ್ಥಾಪನೆಯಾದ ಟಿಐ ಸೈಕಲ್ಸ್. ನಮ್ಮ ಕಡೆ ಸಿಗುವ ಹರ್ಕ್ಯುಲಿಸ್, ಫಿಲಿಪ್ಸ್, ಬಿಎಸ್‌ಎಗಳಲ್ಲಿ ಹೆಚ್ಚಿನವು ಅಂಬತ್ತೂರಿನವು; ಮಾರುವವರು ಮಾತ್ರ "ಇಂಗ್ಲೆಂಡಿನ ಮಾಲು" ಎಂದೇ ಹೇಳುತ್ತಾರೆ. ಸೇನ್ ರ‍್ಯಾಲಿಯನ್ನು ಮುಂದೆ ಸರ್ಕಾರವೇ ವಹಿಸಿಕೊಂಡಿತು, ಕೊನೆಗೆ ಅದೂ ಮುಚ್ಚಿತು.

ಒಂದೇ ಸೈಕಲ್ ಕೊಳ್ಳುವವರಿಗೆ, ಅಂದವೂ ಬೇಕು ಓಡಿಸಲೂ ಬೇಕು ಎನ್ನುವವರಿಗೆ, ನಾನು ಹೇಳುವುದು ಇದನ್ನೇ. ಐವತ್ತು, ಅರವತ್ತರ ದಶಕದ ಅಂಬತ್ತೂರಿನ ಹರ್ಕ್ಯುಲಿಸ್‌ಗೂ ಬರ್ಮಿಂಗ್‌ಹ್ಯಾಮ್‌ನ ಹರ್ಕ್ಯುಲಿಸ್‌ಗೂ ಸವಾರಿಯಲ್ಲಿ ವ್ಯತ್ಯಾಸ ಹುಡುಕುವುದು ಕಷ್ಟ, ಬೆಲೆಯಲ್ಲಿ ಹುಡುಕಬೇಕಾಗಿಯೇ ಇಲ್ಲ. ಸೇನ್ ರ‍್ಯಾಲಿ ಸಿಕ್ಕರೆ ಮಾತ್ರ ಬಾಟಮ್ ಬ್ರಾಕೆಟ್ಟಿನ ಹೊಸ ಕಪ್ ಅನ್ನು ಬರಿಗೈಯಲ್ಲಿ ತಿರುಗಿಸಿ ನೋಡಿ. ಕೈಯಲ್ಲಿ ನಾಲ್ಕೈದು ಸುತ್ತು ಹೋಗದಿದ್ದರೆ ನಿಲ್ಲಿಸಿಬಿಡಿ. ಸ್ಪ್ಯಾನರ್ ಮುಟ್ಟಿದರೆ ನನ್ನ ಕತೆಯೇ.

ಮೂರನೆಯದು: ಅಟ್ಲಾಸ್, ಹೀರೋ, ಏವನ್

1951ರಲ್ಲಿ ಸೋನಿಪತ್‌ನಲ್ಲಿ ಅಟ್ಲಾಸ್, 1956ರಲ್ಲಿ ಲೂಧಿಯಾನದಲ್ಲಿ ಹೀರೋ. 1986ರ ಹೊತ್ತಿಗೆ ಲೋಕದಲ್ಲೇ ಅತಿ ಹೆಚ್ಚು ಸೈಕಲ್ ಮಾಡುವ ಕಂಪನಿಯೆಂದು ಗಿನ್ನೆಸ್ ದಾಖಲೆಗೆ ಹೀರೋ ಸೇರಿತು. ಅಟ್ಲಾಸ್‌ನ ಕೊನೆಯ ದೊಡ್ಡ ಕಾರ್ಖಾನೆ, ಸಾಹಿಬಾಬಾದಿನದು, 2020ರ ಜೂನ್ 3ರಂದು ಬಾಗಿಲು ಹಾಕಿತು. ಅಂದು ವಿಶ್ವ ಸೈಕಲ್ ದಿನ. ಇಂಥ ವ್ಯಂಗ್ಯವನ್ನು ಕತೆಗಾರ ಬರೆದರೆ ಅತಿಯಾಯಿತು ಎನ್ನುತ್ತೇವೆ.

ಇವು ಭಾರ, ಸುಮಾರು ಇಪ್ಪತ್ತು ಕಿಲೊ. ಕೊಳವೆಗಳನ್ನು ಕೂಡಿಸುವ ಲಗ್ಗುಗಳ ಅಂಚು ಒರಟು, ಕ್ರೋಮ್ ತೆಳು, ಹತ್ತು ಮಳೆಗಾಲಕ್ಕೆ ರಿಮ್ಮಿನ ಮೇಲೆ ತುಕ್ಕಿನ ಚುಕ್ಕಿ. ಆದರೆ ಪೆಡಲ್ ಕೈಯನ್ನು ಅಚ್ಚಿಗೆ ಬಿಗಿಯುವ ಕಾಟರ್ ಪಿನ್ನಿನಿಂದ ಹಿಡಿದು ಕ್ಯಾರಿಯರ್ ಕ್ಲಿಪ್ಪಿನವರೆಗೆ ಪ್ರತಿಯೊಂದೂ ಹೋಬಳಿ ಮಟ್ಟದಲ್ಲಿ ಸಿಗುತ್ತದೆ. ಎರಡು ಅಡ್ಡ ಕಂಬಿಯ ಡಬಲ್ ಬಾರ್ ಮಾದರಿ ಹೊರೆ ಹೊರುವವರಿಗಾಗಿ ಮಾಡಿದ್ದು. ಬರಿಯ ಸವಾರಿಗೆ ಒಂದೇ ಬಾರ್ ಸಾಕು. ನನ್ನ ಅಟ್ಲಾಸ್‌ನ ಲೆಕ್ಕ ಇಲ್ಲಿದೆ: ಸೈಕಲ್ಲಿಗೆ 1,500 ರೂಪಾಯಿ, ಟಯರು ಟ್ಯೂಬಿಗೆ 900, ಒಂದು ರಿಮ್ ಮತ್ತು ಸ್ಪೋಕ್‌ಗೆ 1,100, ಬಾಲ್ಸು, ಕಾಟರ್ ಪಿನ್, ಚೈನು, ಬ್ರೇಕ್ ರಬ್ಬರಿಗೆ 600, ಕೂಲಿ 700. ಒಟ್ಟು 4,800. ರ‍್ಯಾಲಿಯ ಲೆಕ್ಕ ಇದರ ಆರು ಪಟ್ಟು ದಾಟಿದ ಮೇಲೆ ಬರೆಯುವುದನ್ನು ಬಿಟ್ಟೆ. ಹೆಂಡತಿ ಆ ಪುಸ್ತಕ ಓದುತ್ತಾಳೆ.

ನಾಲ್ಕನೆಯದು: ಕ್ಯಾಲಿಪರ್ ಬ್ರೇಕಿನ ಹಗುರ ಸೈಕಲ್

ಎಂಬತ್ತರ ದಶಕದಲ್ಲಿ ಕಾಲೇಜು ಹುಡುಗರ ಕಣ್ಣಲ್ಲಿದ್ದದ್ದು ಬಿಎಸ್‌ಎ ಎಸ್‌ಎಲ್‌ಆರ್‌ನಂಥ ಹಗುರ ಸೈಕಲ್‌ಗಳು. ಇವುಗಳ ಕ್ಯಾಲಿಪರ್ ಬ್ರೇಕು ರಿಮ್ಮನ್ನು ಎರಡೂ ಪಕ್ಕದಿಂದ ಚಿಮಟದಂತೆ ಹಿಡಿಯುತ್ತದೆ. ಕರಿಯ ಸೈಕಲ್ಲಿನ ಗತ್ತು ಇವಕ್ಕಿಲ್ಲ, ಸಂಗ್ರಾಹಕರು ತಿರುಗಿಯೂ ನೋಡುವುದಿಲ್ಲ, ಹಾಗಾಗಿ ಅಗ್ಗ. ಮಡಿಕೇರಿ, ಸಕಲೇಶಪುರ, ತೀರ್ಥಹಳ್ಳಿ ಕಡೆಯವರಿಗೆ ನನ್ನ ಸಲಹೆ ಇದೇ. ಏರಿನಲ್ಲಿ ತೂಕ ಕಡಿಮೆ, ಇಳಿಜಾರಿನಲ್ಲಿ ಬ್ರೇಕು ಹಿಡಿಯುತ್ತದೆ.

ಸೀರೆ, ಪಂಚೆ ಉಡುವವರು ಮತ್ತು ಮಂಡಿನೋವಿನವರು ಬಾರ್ ಇಲ್ಲದ ಲೇಡೀಸ್ ಮಾದರಿಯನ್ನು ನಾಚಿಕೆಯಿಲ್ಲದೆ ಕೊಳ್ಳಬಹುದು. ಚೈನು ಪೂರ್ತಿ ಮುಚ್ಚಿದ ಕವರ್ ಇದ್ದರೆ ಇನ್ನೂ ಒಳ್ಳೆಯದು. ಎತ್ತರದ ವಿಷಯದಲ್ಲಿ ಮಾತ್ರ ಸಂಕೋಚ ಬೇಡ: ಕರಿಯ ಸೈಕಲ್‌ಗಳು ಹೆಚ್ಚಾಗಿ 22 ಮತ್ತು 24 ಅಂಗುಲದ ಫ್ರೇಮಿನಲ್ಲಿ ಬರುತ್ತವೆ. ಬಾರಿನ ಎರಡೂ ಬದಿಗೆ ಪಾದ ಊರಿ ಆರಾಮವಾಗಿ ನಿಲ್ಲಲಾಗದಿದ್ದರೆ ಅದು ನಿಮ್ಮದಲ್ಲ. ಒಳಪೆಡಲ್ ತುಳಿಯುವ ವಯಸ್ಸು ನಮ್ಮದಾಗಿ ಉಳಿದಿಲ್ಲ.

ಇಂಗ್ಲೆಂಡಿನಲ್ಲಿರುವ ನನ್ನ ತಂಗಿಯ ಮಗ ಫೋನಿನಲ್ಲಿ ಕೇಳಿದ, "ಮಾವ, ಇಲ್ಲಿ ಬಾಗಿದ ಹ್ಯಾಂಡಲಿನ ಹತ್ತು ಗೇರಿನ ಹಳೆಯದೊಂದು ಸಿಗುತ್ತಿದೆ, ಕೊಳ್ಳಲೇ?" ಹೊರದೇಶದ ಕನ್ನಡಿಗರಿಗೂ ಅದೇ ತಕ್ಕಡಿ. ಅಲ್ಲಿನ ಎಪ್ಪತ್ತರ ದಶಕದ ಸೈಕಲ್‌ಗಳಲ್ಲಿ 27 ಅಂಗುಲದ ಚಕ್ರ ಸಾಮಾನ್ಯ. ಅದರ ರಿಮ್ಮಿನ ಅಳತೆ 630 ಮಿ.ಮೀ. ಈಗ ಎಲ್ಲೆಡೆ ಸಿಗುವ 700ಸಿ ಚಕ್ರದ್ದು 622. ವ್ಯತ್ಯಾಸ ತ್ರಿಜ್ಯದಲ್ಲಿ ನಾಲ್ಕು ಮಿ.ಮೀ. ಮಾತ್ರವಾದ್ದರಿಂದ ಸಾಮಾನ್ಯವಾಗಿ ಬ್ರೇಕ್ ರಬ್ಬರನ್ನು ಕೆಳಗಿಳಿಸಿದರೆ ಹೊಸ ಚಕ್ರ ಒಗ್ಗುತ್ತದೆ. ರೆನಾಲ್ಡ್ಸ್ 531 ಎಂಬ ಚೀಟಿ ಅಂಟಿಸಿದ ಫ್ರೇಮ್ ಇದ್ದರೆ ಹಗುರ, ಒಳ್ಳೆಯ ಉಕ್ಕು, ಆದರೆ ಕೊಳವೆಯ ಗೋಡೆ ತೆಳು. ತಗ್ಗು ಬಿದ್ದದ್ದನ್ನು ಮುಟ್ಟಬೇಡ ಎಂದೆ.

ಕೊಳ್ಳುವ ಮುನ್ನ ಹತ್ತು ನಿಮಿಷ

ಬೆಳಗಿನ ಬೆಳಕಿನಲ್ಲೇ ನೋಡಿ. ಹ್ಯಾಂಡಲಿನ ಕೆಳಗೆ, ಓರೆಯ ಕೊಳವೆ ತಲೆಯನ್ನು ಸೇರುವ ಜಾಗದಿಂದ ಒಂದು ಗೇಣು ಹಿಂದಕ್ಕೆ, ಅಡಿಭಾಗದಲ್ಲಿ ಬೆರಳ ತುದಿ ಆಡಿಸಿ. ಕಣ್ಣಿಗೆ ಕಾಣದ ಸುಕ್ಕು ಬೆರಳಿಗೆ ಸಿಗುತ್ತದೆ. ಸಿಕ್ಕರೆ ಆ ಸೈಕಲ್ ಯಾವುದಕ್ಕೋ ಮುಖಾಮುಖಿ ಗುದ್ದಿದೆ. ಎಷ್ಟು ಅಗ್ಗವಾದರೂ ಬೇಡ. ಫೋರ್ಕನ್ನು ಪಕ್ಕದಿಂದ ನೋಡಿ, ಅದು ಮುಂದಕ್ಕೆ ಬಾಗಿರಬೇಕೇ ಹೊರತು ಹಿಂದಕ್ಕೆ ತಳ್ಳಿದಂತಿರಬಾರದು. ಸೀಟಿನ ಕಂಬಿ ಅಲುಗುತ್ತದೆಯೇ ನೋಡಿ. ತುಕ್ಕು ಹಿಡಿದು ಕಚ್ಚಿಕೊಂಡಿದ್ದರೆ ಸೀಮೆಎಣ್ಣೆ, ಎಂಜಿನ್ ಎಣ್ಣೆ ಬೆರೆಸಿ ವಾರಗಟ್ಟಲೆ ಸುರಿಯಬೇಕಾಗುತ್ತದೆ. ಬೆಲೆಯಲ್ಲಿ ಐನೂರು ಇಳಿಸಲು ಇಷ್ಟು ಕಾರಣ ಸಾಕು.

ಕೀಲುಗಳ ಬಳಿ ಉಂಡೆಯುಂಡೆಯಾದ ಗ್ಯಾಸ್ ವೆಲ್ಡಿಂಗ್ ಕಂಡರೆ ಅಲ್ಲಿ ಹಿಂದೆ ಮುರಿದಿತ್ತು ಎಂದರ್ಥ. ಪೆಡಲ್ ಕೈಯನ್ನು ಒಳಕ್ಕೂ ಹೊರಕ್ಕೂ ಅಲುಗಿಸಿ. ಎರಡೂ ಒಟ್ಟಿಗೆ ಆಡಿದರೆ ಬಾಲ್ಸಿನ ತೊಂದರೆ, ಒಂದೇ ಆಡಿದರೆ ಕಾಟರ್ ಪಿನ್ನಿನದು, ಎರಡೂ ಅಗ್ಗ. ಫ್ರೇಮಿನ ಮೇಲಿನ ನಂಬರ್ ಬರೆದುಕೊಂಡು ಮಾರುವವರಿಂದ ಒಂದು ಚೀಟಿ ಬರೆಸಿಕೊಳ್ಳಿ. ಗುಜರಿಯಲ್ಲಾಗಲಿ, ಬೆಂಗಳೂರಿನ ಸಂಡೇ ಬಜಾರಿನಲ್ಲಾಗಲಿ ಕೊಳ್ಳುವವರಿಗೆ ಇದು ಇನ್ನೂ ಮುಖ್ಯ. ಅಪರೂಪಕ್ಕೆ ಹಳೆಯ ಪುರಸಭೆಯ ಸೈಕಲ್ ತೆರಿಗೆಯ ಬಿಲ್ಲೆ ಇನ್ನೂ ನೇತಾಡುತ್ತಿರುತ್ತದೆ. ಅದಕ್ಕೆ ಬೇರೆ ಬೆಲೆ ಕಟ್ಟುವವರೂ ಇದ್ದಾರೆ. ನಾನಾದರೆ ಸುಮ್ಮನೆ ಅಲ್ಲೇ ಬಿಡುತ್ತೇನೆ.

ಬಣ್ಣ: ಉಳಿಸುವುದೋ, ಹೊಸದು ಹೊಡೆಸುವುದೋ

ಇಲ್ಲಿ ನನ್ನ ಪಕ್ಷಪಾತವನ್ನು ಮುಚ್ಚಿಡುವುದಿಲ್ಲ. ಎಲ್ಲರೂ ಮೊದಲು ಮಾಡುವುದು ಬಣ್ಣ, ಮಾಡಬೇಕಾದದ್ದು ಕೊನೆಗೆ, ಎಷ್ಟೋ ಸಲ ಮಾಡಬೇಕಾದದ್ದೇ ಇಲ್ಲ. ಹಳೆಯ ಕಪ್ಪು ಬಣ್ಣ ಒಲೆಯಲ್ಲಿಟ್ಟು ಬೇಯಿಸಿದ ಎನಾಮೆಲ್. ಅದರ ಆಳ, ಅದರ ಮೇಲೆ ಕೈಯಿಂದೆಳೆದ ಚಿನ್ನದ ಗೆರೆ, ಕಂಪನಿಯ ಹೂಬಳ್ಳಿ ಮುದ್ರೆ ಒಮ್ಮೆ ಕೆರೆದುಹಾಕಿದರೆ ಮತ್ತೆ ಬರುವುದಿಲ್ಲ. ಮೂರು ಆಯ್ಕೆಗಳಿವೆ.

ಪೌಡರ್ ಕೋಟಿಂಗ್ ಎಲ್ಲಕ್ಕಿಂತ ಗಟ್ಟಿ. ಕಿಟಕಿ ಗ್ರಿಲ್ಲಿಗೆ ಮಾಡುವವರೇ ಸೈಕಲ್ಲಿಗೂ ಮಾಡಿಕೊಡುತ್ತಾರೆ, ಇನ್ನೂರು ಡಿಗ್ರಿ ಆಸುಪಾಸಿನ ಕುಲುಮೆಯಲ್ಲಿ ಬೇಯಿಸುತ್ತಾರೆ. ಆದರೆ ಪದರ ದಪ್ಪ. ಲಗ್ಗಿನ ಚೂಪು ಅಂಚು ಮುಚ್ಚಿಹೋಗಿ ಸೈಕಲ್ಲಿಗೆ ಊದಿಕೊಂಡ ಮುಖ ಬರುತ್ತದೆ, ಫ್ರೇಮಿನ ನಂಬರೂ ಮಸುಕಾಗುತ್ತದೆ. ಕಪ್ ಕೂರುವ ಜಾಗ, ಮರೆಗಳಿಗೆ ಟೇಪು ಸುತ್ತದೆ ಕೊಟ್ಟರೆ ಜೋಡಿಸುವಾಗ ಅಳಬೇಕಾಗುತ್ತದೆ. ತಲೆಯ ಬಿಲ್ಲೆಯನ್ನು ಮೊದಲೇ ಬಿಚ್ಚಿಟ್ಟುಕೊಳ್ಳಿ. ಎರಡನೆಯದು ಡ್ಯೂಕೋ, ಕಾರಿಗೆ ಬಣ್ಣ ಹೊಡೆಯುವವರ ಸ್ಪ್ರೇ. ತೆಳುವಾಗಿ ಕೂರುತ್ತದೆ, ಹೊಳಪು ಹಳೆಯದಕ್ಕೆ ಹತ್ತಿರ, ಗೆರೆ ಎಳೆಯುವ ಕಲಾವಿದರು ಸಿಕ್ಕರೆ ಚೆಂದ. ಆದರೆ ಮಾರುಕಟ್ಟೆಯಲ್ಲಿ ಇನ್ನೊಂದು ಸೈಕಲ್ ತಗುಲಿದರೆ ಕಿತ್ತುಬರುತ್ತದೆ. ಹಿಂದಿನ ಕಾಲದ ಬಣ್ಣಗಳಲ್ಲಿ ಸೀಸ ಇರುತ್ತಿತ್ತಾದ್ದರಿಂದ ಹಳೆಯದನ್ನು ಒಣಗಿದಾಗ ಉಜ್ಜಿ ಧೂಳೆಬ್ಬಿಸಬೇಡಿ. ನೀರು ಹಾಕಿ ವಾಟರ್ ಪೇಪರಿನಿಂದ ಉಜ್ಜಿ, ಮಕ್ಕಳನ್ನು ದೂರವಿಡಿ.

ಮೂರನೆಯದು ಇದ್ದದ್ದನ್ನು ಉಳಿಸುವುದು. ಸೋಪಿನ ನೀರು, ಹಳೆಯ ಬನಿಯನ್ ಬಟ್ಟೆ, ತಾಳ್ಮೆ. ಬಣ್ಣ ಹೋಗಿ ತುಕ್ಕು ಕಂಡ ಕಡೆ ಉಜ್ಜಿ, ಅಗಸೆ ಎಣ್ಣೆಯನ್ನು ತೆಳುವಾಗಿ ಒರೆಸಿ; ಅದು ಗಾಳಿಗೆ ಒಣಗಿ ಗಟ್ಟಿ ಪೊರೆಯಾಗುತ್ತದೆ. ನಮ್ಮವರು ತೆಂಗಿನೆಣ್ಣೆ ಹಚ್ಚುವುದುಂಟು. ಅದು ಒಣಗುವುದಿಲ್ಲ, ಊರಿನ ಧೂಳನ್ನೆಲ್ಲ ಕರೆದು ಕೂರಿಸುತ್ತದೆ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮಾತ್ರ ಮುದುಡಿ ಮೂಲೆಗೆಸೆಯಬೇಡಿ, ತಾನೇ ಕಾದು ಹೊತ್ತಿಕೊಳ್ಳಬಹುದು. ಬಿಡಿಸಿ ತಂತಿಯ ಮೇಲೆ ಒಣಹಾಕಿ.

ಕ್ರೋಮ್ ಭಾಗಗಳಿಗೆ ಅಡುಗೆಮನೆಯ ಅಲ್ಯೂಮಿನಿಯಂ ಹಾಳೆಯನ್ನು ಮುದ್ದೆ ಮಾಡಿ ನೀರಿನಲ್ಲದ್ದಿ ಉಜ್ಜಿದರೆ ಸಾಕು. ಕ್ರೋಮ್ ಅದಕ್ಕಿಂತ ಗಟ್ಟಿಯಾದ್ದರಿಂದ ಗೀರು ಬೀಳುವುದಿಲ್ಲ. ಹಟಮಾರಿ ತುಕ್ಕಿಗೆ ಆಕ್ಸಾಲಿಕ್ ಆಮ್ಲ, ಲೀಟರ್ ನೀರಿಗೆ ಇಪ್ಪತ್ತು ಗ್ರಾಂ, ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಒಂದು ರಾತ್ರಿ. ವಿಷದ ವಸ್ತು, ಕೈಗವಸು ಬೇಕು, ಆಮೇಲೆ ಸೋಡಾ ನೀರಿನಲ್ಲಿ ತೊಳೆಯಬೇಕು. ಹುಣಸೆಹಣ್ಣಿನ ರಸವೂ ಕೆಲಸ ಮಾಡುತ್ತದೆ, ನಿಧಾನವಾಗಿ. ಬಚ್ಚಲು ತೊಳೆಯುವ ಆಸಿಡ್ ಸುರಿಯುವವರನ್ನು ಕಂಡಿದ್ದೇನೆ. ಅದು ತುಕ್ಕಿನ ಜೊತೆ ಉಕ್ಕನ್ನೂ ತಿನ್ನುತ್ತದೆ.

ಚಕ್ರ: ಹಣ ಹಾಕಬೇಕಾದ ಜಾಗ

ಬಣ್ಣಕ್ಕೆಂದು ಎತ್ತಿಟ್ಟ ದುಡ್ಡನ್ನು ಇಲ್ಲಿಗೆ ತನ್ನಿ. ಕರಿಯ ಸೈಕಲ್ಲಿನ 28 × 1½ ಚಕ್ರದ ರಿಮ್ ಅಳತೆ 635 ಮಿ.ಮೀ. ಇಂಗ್ಲೆಂಡಿನಲ್ಲಿ ಹಳೆಯ ರ‍್ಯಾಲಿ ಇಟ್ಟುಕೊಂಡವರು ಹುಡುಕಿ ತರಿಸಬೇಕಾದ ಈ ಟಯರು ನಮ್ಮ ತಾಲ್ಲೂಕು ಪಟ್ಟಣದ ಅಂಗಡಿಯಲ್ಲಿ ಮೊಳೆಗೆ ನೇತಾಡುತ್ತಿರುತ್ತದೆ. ರ‍್ಯಾಲಿ ಕೊಂಡ ತಪ್ಪಿಗೆ ನನಗೆ ಸಿಕ್ಕ ಒಂದೇ ಸಮಾಧಾನ ಅದು. ಹೀಗಿರುವಾಗ ಕೆಲವರು ಶೋಕಿಗೆ 700ಸಿ ಅಲ್ಯೂಮಿನಿಯಂ ಚಕ್ರ ಹಾಕಿಸುತ್ತಾರೆ. ಅದು ಹಗುರ, ನಿಜ. ಆದರೆ ತಂತಿಯ ಬದಲು ಕಂಬಿಯಿಂದ ಎಳೆಯುವ ಮೂಲದ ರಾಡ್ ಬ್ರೇಕ್ ಆ ರಿಮ್ಮಿಗೆ ಹೊಂದುವುದಿಲ್ಲ. ಬ್ರೇಕು ಬದಲಾಯಿಸಬೇಕು, ಆಮೇಲೆ ಹ್ಯಾಂಡಲ್ಲು, ಆಮೇಲೆ ಉಳಿದದ್ದು. ಬಾಲ ಹಿಡಿದು ಎಳೆದರೆ ಹಸುವೇ ಬಂದಂತೆ.

ಹಳೆಯ ರಿಮ್ಮಿನ ಒಳಗಿನ ಪಟ್ಟಿ ತೆಗೆದು ಸ್ಪೋಕ್ ತೂತುಗಳನ್ನು ನೋಡಿ. ಮೇಲೆ ಚುಕ್ಕಿ ತುಕ್ಕಿದ್ದರೆ ಉಳಿಸಿ, ತೂತಿನ ಸುತ್ತ ಪದರ ಏಳುತ್ತಿದ್ದರೆ ಬಿಡಿ. ಹೊಸ ಉಕ್ಕಿನ ರಿಮ್ ದುಬಾರಿಯಲ್ಲ. ಮುಂದಿನ ಚಕ್ರಕ್ಕೆ 32 ತೂತು, ಹಿಂದಿನದಕ್ಕೆ 40, ಕೇಳುವಾಗ ಮರೆಯಬೇಡಿ. ಸ್ಪೋಕ್‌ಗಳಲ್ಲಿ ಹತ್ತು ಮುರಿದಿದ್ದರೆ ಎಲ್ಲವನ್ನೂ ಬದಲಿಸಿ, ಸ್ಟೇನ್‌ಲೆಸ್ ಹಾಕಿಸಿ. ಬೆಂಡ್ ತೆಗೆಯುವುದು ಕಲಿತ ಕೈಗಳ ಕೆಲಸ. ನಮ್ಮ ಮಿಸ್ತ್ರಿ ಚಕ್ರ ತಿರುಗಿಸಿ ಸೀಮೆಸುಣ್ಣವನ್ನು ರಿಮ್ಮಿನ ಪಕ್ಕ ಹಿಡಿಯುತ್ತಾರೆ. ಎಲ್ಲಿ ಬಿಳಿ ಗೆರೆ ಬಿತ್ತೋ ಅಲ್ಲಿನ ಎದುರು ಬದಿಯ ಸ್ಪೋಕಿಗೆ ಕಾಲು ಸುತ್ತು, ಮತ್ತೆ ತಿರುಗಿಸುವುದು. ಅರ್ಧ ಗಂಟೆಯಾದ ಮೇಲೆ ಸೀಮೆಸುಣ್ಣ ಎಲ್ಲೂ ತಾಗುವುದಿಲ್ಲ, ಇಲ್ಲವೇ ಸುತ್ತ ಒಂದೇ ಸಮ ತಾಗುತ್ತದೆ. ಅದಕ್ಕೆ ಅವರು ಕೇಳುವ ಕೂಲಿ ನಾಚಿಕೆಯಾಗುವಷ್ಟು ಕಡಿಮೆ.

ಗಾಳಿ 50 ಪಿಎಸ್‌ಐ ಆಸುಪಾಸು ಸಾಕು; ಟಯರಿನ ಮೇಲೆ ಬರೆದದ್ದನ್ನು ಮೀರಬೇಡಿ. ಗಾಳಿ ತುಂಬುವ ವಾಲ್ವಿನೊಳಗಿನ ಸಣ್ಣ ರಬ್ಬರ್ ಕೊಳವೆ, ಅಂದರೆ ವಾಲ್ ಟ್ಯೂಬನ್ನು, ವರ್ಷಕ್ಕೊಮ್ಮೆ ಬದಲಿಸಿದರೆ ಪಂಕ್ಚರ್ ಎಂದು ಬಯ್ಯುವ ಪ್ರಸಂಗ ಅರ್ಧ ಕಡಿಮೆಯಾಗುತ್ತದೆ.

ಬ್ರೇಕು, ಗೇರು, ಸೀಟು

ರಾಡ್ ಬ್ರೇಕ್ ನೋಡಲು ಗಡಿಯಾರದಷ್ಟು ಸೊಗಸು, ಒಣ ರಸ್ತೆಯಲ್ಲಿ ಸಾಕು, ಮಳೆಯಲ್ಲಿ ಪ್ರಾರ್ಥನೆಗೆ ಸಮ. ನೆನೆದ ಕ್ರೋಮ್ ರಿಮ್ ರಬ್ಬರನ್ನು ಹಿಡಿಯುವುದೇ ಇಲ್ಲ. ಮೈಸೂರು, ಮಂಡ್ಯ, ದಾವಣಗೆರೆಯಂಥ ಊರುಗಳಲ್ಲಿ ನಾನು ಅದನ್ನೇ ಉಳಿಸಿಕೊಳ್ಳಿ ಎನ್ನುತ್ತೇನೆ: ಹೊಸ ರಬ್ಬರು, ಸಡಿಲವಾದ ಕೀಲುಗಳಿಗೆ ಹೊಸ ಬೋಲ್ಟು, ಎರಡೂ ರಬ್ಬರು ಒಟ್ಟಿಗೆ ತಾಗುವಂತೆ ಹೊಂದಾಣಿಕೆ. ಕ್ಯಾಲಿಪರಿಗೆ ಬದಲಾಯಿಸಹೊರಟರೆ ರಿಮ್ಮೂ ಬದಲಾಗಬೇಕು, ಏಕೆಂದರೆ ಈ ರಿಮ್ಮಿನ ಪಕ್ಕ ದುಂಡು, ಚಪ್ಪಟೆಯಲ್ಲ. ಅಷ್ಟು ಬೇಕಿದ್ದವರು ನಾಲ್ಕನೆಯ ಗುಂಪಿನ ಸೈಕಲ್ಲನ್ನೇ ಕೊಳ್ಳಬಹುದಿತ್ತು.

ಗೇರಿಲ್ಲದ ಸೈಕಲ್ಲಿಗೆ ಅಗ್ಗದ ಉಪಾಯವೊಂದಿದೆ, ಯಾರೂ ಮಾಡುವುದಿಲ್ಲ. ನನ್ನ ಅಟ್ಲಾಸ್‌ಗೆ ಮುಂದೆ 48 ಹಲ್ಲು, ಹಿಂದೆ 18 ಇತ್ತು. ಪೆಡಲ್ ಒಂದು ಸುತ್ತು ಬಂದರೆ ಆರು ಮೀಟರ್ ಹತ್ತಿರ ಓಟ. ಸಮತಟ್ಟಿನಲ್ಲಿ ಖುಷಿ, ಸಣ್ಣ ದಿಬ್ಬಕ್ಕೂ ತೊಡೆ ನೋವು. ಹಿಂದೆ 22 ಹಲ್ಲಿನ ಫ್ರೀವೀಲ್ ಹಾಕಿಸಿ ಚೈನಿಗೆ ಕೊಂಡಿ ಸೇರಿಸಿದ ಮೇಲೆ ಸುತ್ತಿಗೆ ಐದು ಮೀಟರಿಗಿಂತ ಸ್ವಲ್ಪ ಕಡಿಮೆ. ಐವತ್ತರ ಮೇಲಿನ ಮಂಡಿಗಳಿಗೆ ಇದಕ್ಕಿಂತ ಒಳ್ಳೆಯ ಔಷಧ ನನಗೆ ಗೊತ್ತಿಲ್ಲ. ಸ್ಟರ್ಮಿ ಆರ್ಚರ್ ಹಬ್ ಇದ್ದವರಿಗೆ ಇದರ ಚಿಂತೆ ಕಡಿಮೆ: ಎರಡನೆಯ ಗೇರು ನೇರ, ಒಂದನೆಯದು ಕಾಲುಭಾಗ ಹಗುರ, ಮೂರನೆಯದು ಮೂರನೆಯ ಒಂದರಷ್ಟು ಭಾರ. ಅದಕ್ಕೆ ತಿಂಗಳಿಗೊಮ್ಮೆ ತೆಳು ಎಣ್ಣೆ ಬಿಡಿ, ಗ್ರೀಸ್ ತುಂಬಬೇಡಿ. ಕೇಬಲ್ ಸಡಿಲವಾದರೆ ಎರಡಕ್ಕೂ ಮೂರಕ್ಕೂ ನಡುವೆ ಕಾಲು ಗಾಳಿಗೆ ಹೋಗುತ್ತದೆ, ನಿಂತು ತುಳಿಯುವವರು ಎಚ್ಚರ.

ಸೀಟು ತೊಗಲಿನದಾಗಿದ್ದು ಸೀಳಿಲ್ಲದಿದ್ದರೆ ಉಳಿಸಿ. ಜೋತುಬಿದ್ದದ್ದನ್ನು ಮೂತಿಯ ಬೋಲ್ಟು ಸ್ವಲ್ಪ ಬಿಗಿ ಮಾಡಿ ಎತ್ತಬಹುದು. ಸೀಳಿದ್ದರೆ ಸ್ಪ್ರಿಂಗಿನ ಹೊಸ ಸೀಟು ಕೊಂಡು ಹಳೆಯದನ್ನು ಅಟ್ಟಕ್ಕೆ ಹಾಕಿ.

ನೀವೇ ಬಿಚ್ಚುವುದಾದರೆ

ಒಂದೇ ದಿನ ಎಲ್ಲವನ್ನೂ ಬಿಚ್ಚಬೇಡಿ. ಹಾಗೆ ಬಿಚ್ಚಿದ ಸೈಕಲ್‌ಗಳು ಮೂರು ವರ್ಷ ಗೋಣಿಚೀಲದಲ್ಲಿದ್ದು ಮತ್ತೆ ಗುಜರಿಗೆ ಹೋಗುತ್ತವೆ. ಒಂದು ಭಾನುವಾರ ಮುಂದಿನ ಚಕ್ರ, ಇನ್ನೊಂದು ಭಾನುವಾರ ಹಿಂದಿನದು, ಮೂರನೆಯದಕ್ಕೆ ಬಾಟಮ್ ಬ್ರಾಕೆಟ್. ಮಿಸ್ತ್ರಿಗಳು ಇದನ್ನೇ ಓವರ್ ಆಯಿಲ್ ಎನ್ನುತ್ತಾರೆ. ಮೂಲ ಪದ ಏನಿದ್ದರೂ ಎಣ್ಣೆಯ ಕೆಲಸವಾದ್ದರಿಂದ ಈ ಹೆಸರೇ ಸರಿಯಾಗಿದೆ. ಮೊಬೈಲಿನಲ್ಲಿ ಹೆಜ್ಜೆ ಹೆಜ್ಜೆಗೂ ಫೋಟೊ ತೆಗೆದಿಟ್ಟುಕೊಳ್ಳಿ. ಬಾಲ್ಸ್ ಎಣಿಸಿಕೊಳ್ಳಿ: ಸಾಮಾನ್ಯವಾಗಿ ಬಾಟಮ್ ಬ್ರಾಕೆಟ್‌ನಲ್ಲಿ ಬದಿಗೆ ಹನ್ನೊಂದು, ಹಿಂದಿನ ಹಬ್ಬಿನಲ್ಲಿ ಒಂಬತ್ತು, ಎರಡೂ ಕಾಲಂಗುಲದವು, ಮುಂದಿನ ಹಬ್ಬಿನಲ್ಲಿ ಅದಕ್ಕಿಂತ ಚಿಕ್ಕವು ಹತ್ತು. ಹಳೆಯವು ಹೊಳೆಯುತ್ತಿದ್ದರೂ ಎಸೆಯಿರಿ. ಎಡ ಪೆಡಲ್ ಮತ್ತು ಬಾಟಮ್ ಬ್ರಾಕೆಟ್‌ನ ಬಲಗಡೆ ಕಪ್, ಇವೆರಡರ ಮರೆ ಉಲ್ಟಾ. ಇದನ್ನು ಮರೆತು ಬಲ ಹಾಕಿದವರು ನನ್ನೊಬ್ಬನೇ ಅಲ್ಲ ಎಂದು ಭಾವಿಸುತ್ತೇನೆ.

ಎಲ್ಲರನ್ನೂ ಕಾಡುವುದು ಕಾಟರ್ ಪಿನ್. ನಟ್ಟನ್ನು ಪೂರ್ತಿ ತೆಗೆಯದೆ ಪಿನ್ನಿನ ತುದಿಗೆ ಸಮನಾಗುವಷ್ಟು ಸಡಿಲಿಸಿ. ಕ್ರ್ಯಾಂಕಿನ, ಅಂದರೆ ಪೆಡಲ್ ಕೈಯ, ಅಡಿಗೆ ನೆಲಕ್ಕೆ ಮುಟ್ಟುವಂತೆ ಕಬ್ಬಿಣದ ಕೊಳವೆಯೊಂದನ್ನು ಆನಿಸಿ. ಇಲ್ಲದಿದ್ದರೆ ಪೆಟ್ಟೆಲ್ಲ ಬಾಲ್ಸಿನ ದಾರಿಗೆ ಬಿದ್ದು ಅಲ್ಲಿ ಗುಳಿಯಾಗುತ್ತದೆ. ಆಮೇಲೆ ದೊಡ್ಡ ಸುತ್ತಿಗೆಯಿಂದ ಒಂದೇ ಒಂದು ಗಟ್ಟಿ ಪೆಟ್ಟು. ಸಣ್ಣ ಸುತ್ತಿಗೆಯ ಇಪ್ಪತ್ತು ಪೆಟ್ಟು ಪಿನ್ನನ್ನು ಅಣಬೆಯಾಗಿಸುತ್ತದೆ, ಆಗ ಡ್ರಿಲ್ಲೇ ಗತಿ. ಹೊಸ ಪಿನ್‌ಗಳನ್ನು ಕೂರಿಸುವಾಗ ಎರಡೂ ಕ್ರ್ಯಾಂಕು ನೆಟ್ಟಗೆ ಒಂದೇ ಗೆರೆಯಲ್ಲಿವೆಯೇ ನೋಡಿ, ಇಲ್ಲದಿದ್ದರೆ ಒಂದು ಪಿನ್ ತಲೆಕೆಳಗಾಗಿದೆ. ಇಂಗ್ಲೆಂಡಿನವಕ್ಕೆ ಒಂಬತ್ತೂವರೆ ಮಿ.ಮೀ. ಪಿನ್ ಬೇಕು, ಹಳೆಯದನ್ನು ಅಂಗಡಿಗೆ ಒಯ್ದು ಪಕ್ಕದಲ್ಲಿಟ್ಟು ನೋಡಿಯೇ ಕೊಳ್ಳಿ.

ಹೊಸ ಪಿನ್ ಮೊದಲ ಐವತ್ತು ಕಿಲೋಮೀಟರಿನಲ್ಲಿ ಒಳಕ್ಕೆ ಕೂತು ನಟ್ಟು ಸಡಿಲವಾಗುತ್ತದೆ, ಮತ್ತೆ ಬಿಗಿ ಮಾಡಬೇಕು. ನಾನು ಮಾಡಿರಲಿಲ್ಲ. ಅಟ್ಲಾಸ್ ಸಿದ್ಧವಾದ ಸಂಭ್ರಮದಲ್ಲಿ ಬೆಳಗ್ಗೆ ಐದೂವರೆಗೆ ಹೊರಟು ಶ್ರೀರಂಗಪಟ್ಟಣಕ್ಕೆ ಹೋದೆ, ಕಾವೇರಿಯ ದಂಡೆಯಲ್ಲಿ ಕಾಫಿ ಕುಡಿದೆ, ಹೊರಡುವಾಗ ಎಡಗಾಲಿನಲ್ಲಿ ಟಕ್ ಎಂದಿತು. ಪ್ರತಿ ಸುತ್ತಿಗೂ ಟಕ್. ದಾರಿಯಲ್ಲಿ ಕಬ್ಬಿನ ಗಾಡಿಯವರೊಬ್ಬರು ನಿಲ್ಲಿಸಿ, ಸೀಟಿನ ಕೆಳಗಿನ ಚೀಲದಿಂದ ಸ್ಪ್ಯಾನರ್ ತೆಗೆದು ಬಿಗಿ ಮಾಡಿಕೊಟ್ಟರು. "ನಮ್ಮಪ್ಪನದೂ ಅಟ್ಲಾಸೇ" ಎಂದರು.